ಮಾನಿಟರಿಂಗ್ ಬಾವಿ ಮುಚ್ಚುವ ಕೆಲಸ: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ ನಾನು ಭೂವಿಜ್ಞಾನಿ. ಹಳೇ ಪೆಟ್ರೋಲ್ ಬಂಕ್‌ಗಳಲ್ಲಿ ನೆಲದಡಿಯ ಟ್ಯಾಂಕ್ ಸೋರಿ ಕೆಟ್ಟ ಮಣ್ಣು, ಅಂತರ್ಜಲ ಶುದ್ಧ ಮಾಡಿಸುವುದು ನಮ್ಮ ಕಸುಬು. ಅಂತರ್ಜಲವನ್ನು ಆಗಾಗ ಪರೀಕ್ಷಿಸಲು ಅಲ್ಲಿ ಕೊರೆಯುವ ಸಣ್ಣ ಬಾವಿಗಳೇ ಮಾನಿಟರಿಂಗ್ ಬಾವಿ. ನೀರಿನಲ್ಲಿ ಬೆಂಜೀನ್ ಇಳಿಯಿತು, ಎಂಟಿಬಿಇ ಇಳಿಯಿತು (ಎರಡೂ ಪೆಟ್ರೋಲಿನಲ್ಲಿದ್ದ ರಾಸಾಯನಿಕಗಳು) ಎಂದರೆ ಎಲ್ಲರಿಗೂ ಕೆಲಸ ಮುಗಿದ ಹಾಗೆ. ಆದರೆ 2012ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ರಾಜ್ಯ ಜಲ ಮಂಡಳಿಯ ನೀತಿ ಹಾಗೆ ಹೇಳುವುದಿಲ್ಲ: ಬಾವಿಗಳನ್ನೆಲ್ಲ ಸರಿಯಾಗಿ ಮುಚ್ಚಿ, ತ್ಯಾಜ್ಯದ ಡ್ರಮ್ಮು, ಮಣ್ಣಿನ ಗುಡ್ಡೆ ಎಲ್ಲ ಸಾಗಿಸಿದ ಮೇಲೆಯೇ ಮುಕ್ತಾಯದ ಪತ್ರ. ಅಷ್ಟು ಹೊತ್ತಿಗೆ ಬಜೆಟ್ ಖಾಲಿ, ಎಲ್ಲರ ಉತ್ಸಾಹವೂ ಖಾಲಿ.

ಹಾಗೇ ಬಿಟ್ಟರೇನಾಗುತ್ತೆ ಅಂತ ಜಾಗದ ಮಾಲೀಕರು ಕೇಳುವುದುಂಟು. ಈ ಕಣಿವೆಯ ಬಹುಭಾಗದಲ್ಲಿ ಮೇಲೊಂದು ನೀರಿನ ಪದರ, ಕೆಳಗೊಂದು, ನಡುವೆ ಜೇಡಿಮಣ್ಣು. ಕುಡಿಯುವ ನೀರು ಎತ್ತುವುದು ಕೆಳಗಿನದರಿಂದ. ಮುಚ್ಚಳ ಒಡೆದ ಬಾವಿಯೊಂದಿದ್ದರೆ ಪಾರ್ಕಿಂಗ್ ಜಾಗದ ಎಣ್ಣೆ, ಮಳೆನೀರು ಸೀದಾ ಅಂತರ್ಜಲಕ್ಕೆ. ಆ ಬಾವಿ ಜೇಡಿಯನ್ನು ದಾಟಿದ್ದರಂತೂ ಮೇಲಿನ ಕೊಳಕು ಕೆಳಗಿನ ಪದರಕ್ಕೇ ಇಳಿಯುತ್ತೆ. ಶುದ್ಧ ಮಾಡಲೆಂದು ನಾವೇ ಕೊರೆದ ತೂತು ಅದು.

ಎಲ್ಲಕ್ಕಿಂತ ತಲೆನೋವು ಬಾವಿ ಹುಡುಕುವುದು. ಇಪ್ಪತ್ತು ವರ್ಷದ ಸೈಟ್ ಅಂದರೆ ಕನ್ಸಲ್ಟೆಂಟ್‌ಗಳು ಬದಲಾಗಿರುತ್ತಾರೆ, ಬಾವಿಗಳ ಹೆಸರೂ ಬದಲಾಗಿರುತ್ತೆ; ಒಬ್ಬರ ನಕ್ಷೆಯ ಎಂಡಬ್ಲ್ಯೂ-3 ಇನ್ನೊಬ್ಬರ ನಕ್ಷೆಯಲ್ಲಿ ಎಸ್-3. ಮೇಲೆ ಹೊಸ ಡಾಂಬರು ಬೇರೆ. ನಾನು ಮೊದಲು ಹಳೇ ವರದಿಗಳಿಂದ ಕಟ್ಟಡದ ಮೂಲೆಯ ಅಳತೆ ತೆಗೆದು, ಟೇಪ್ ಹಿಡಿದು ಗುರುತು ಹಾಕಿ, ಆಮೇಲೆ ಲೋಹಶೋಧಕ ಆಡಿಸುತ್ತೇನೆ. ಮುಚ್ಚಳದ ಕಬ್ಬಿಣದ ಬಳೆ ಸಿಕ್ಕಿದರೆ ಕೂಗಿ ಹೇಳುತ್ತೆ.

ಸಿಕ್ಕ ಬಾವಿಗೆ ಮೊದಲು ತೂಕದ ಟೇಪ್ ಇಳಿಬಿಡಬೇಕು. ದಾಖಲೆಯಲ್ಲಿ 30 ಅಡಿ ಇದ್ದು ಟೇಪ್ 26ಕ್ಕೇ ಮೆತ್ತಗೆ ಕೂತರೆ ತಳದಲ್ಲಿ ಹೂಳಿದೆ ಎಂದರ್ಥ. ಹೂಳಿನ ಮೇಲೆ ಸಿಮೆಂಟ್ ಸುರಿದರೆ ಕಾಗದದಲ್ಲಿ ಮಾತ್ರ ಬಾವಿ ಮುಚ್ಚಿರುತ್ತೆ.

ಇಲ್ಲಿ ಬಾವಿ ಮುಚ್ಚಲು ಪರ್ಮಿಟ್ ಕೊಡುವುದು ಕೌಂಟಿಯ ನೀರಿನ ಸಂಸ್ಥೆ ವ್ಯಾಲಿ ವಾಟರ್, ಕೆಲಸ ಮಾಡಬೇಕಾದ್ದು ಸಿ-57 ಎಂಬ ಬಾವಿ ಕೊರೆಯುವ ಪರವಾನಗಿ ಇರುವ ಡ್ರಿಲ್ಲರ್. ಬಾವಿಯ ರಚನೆ ಚೆನ್ನಾಗಿದ್ದರೆ ಒಳಗೇ ಒತ್ತಡದಲ್ಲಿ ಗ್ರೌಟ್, ಅಂದರೆ ನೀರಲ್ಲಿ ಕಲಸಿದ ಸಿಮೆಂಟ್, ತುಂಬಿಸಬಹುದು. 94 ಪೌಂಡ್‌ನ ಒಂದು ಚೀಲ ಸಿಮೆಂಟಿಗೆ ಐದಾರು ಗ್ಯಾಲನ್ ನೀರು. ನೀರುದೋಸೆ ಹಿಟ್ಟಿಗಿಂತ ತುಸು ಗಟ್ಟಿ ಇರಬೇಕು. ತೆಳ್ಳಗೆ ಕಲಸಿದರೆ ಪಂಪ್ ಮಾಡುವವನಿಗೆ ಸಲೀಸು, ಆದರೆ ಒಣಗಿದಾಗ ಕುಗ್ಗುತ್ತೆ. ಮೇಲಿಂದ ಸುರಿಯುವ ಹಾಗಿಲ್ಲ, ತಳದವರೆಗೆ ಸಣ್ಣ ಪೈಪ್ ಇಳಿಸಿ ಕೆಳಗಿನಿಂದ ಮೇಲಕ್ಕೆ ತುಂಬಿಸಬೇಕು. ಒಳಗಿದ್ದ ನೀರು ಉಕ್ಕಿ ಬರುತ್ತೆ. ಅದನ್ನು ಡ್ರಮ್ಮಿಗೆ ಹಿಡಿಯಬೇಕು, ಚರಂಡಿಗೆ ಬಿಡುವಂತಿಲ್ಲ.

ನಾನು ಕಣ್ಣಿಡುವುದು ಚೀಲದ ಲೆಕ್ಕದ ಮೇಲೆ. ಎರಡಿಂಚಿನ ಕೇಸಿಂಗ್ (ಬಾವಿಯೊಳಗಿನ ಕೊಳವೆ), 30 ಅಡಿ ಅಂದರೆ ಒಳಗೆ ಹಿಡಿಯುವುದು ಐದು ಗ್ಯಾಲನ್ನಿನಷ್ಟು. ಕೊಳವೆಯ ಸೀಳುಗಳಿರುವ ಭಾಗದ ಆಚೆ ತುಂಬಿದ ಮರಳಿಗೂ ಗ್ರೌಟ್ ಹೋಗಬೇಕಾದ್ದರಿಂದ ಇದಕ್ಕಿಂತ ಹೆಚ್ಚೇ ಹಿಡಿಯಬೇಕು. ಮೂರು ಗ್ಯಾಲನ್ನಿಗೇ ತುಂಬಿತು ಅಂದರೆ ನಡುವೆ ಎಲ್ಲೋ ಕಟ್ಟಿಕೊಂಡಿದೆ. ಆಗ, ಹಾಗೆಯೇ ಕೊಳವೆಯ ಸುತ್ತ ಹಾಕಿದ್ದ ಹಳೇ ಸೀಲ್ ಮೇಲೆ ನಂಬಿಕೆ ಇಲ್ಲದಾಗ, ಕೊರೆಯುವ ರಿಗ್ ತಂದು ಕೇಸಿಂಗ್, ಮರಳು ಎಲ್ಲ ಕೊರೆದು ತೆಗೆಯುವುದೇ ವಾಸಿ. ಎಂಟಿಂಚಿನ ತೂತಿಗೆ ಅದೇ 30 ಅಡಿಗೆ ಒಂಬತ್ತು ಚೀಲ ಬೇಕು. ಖರ್ಚು ಏರುತ್ತೆ, ಮಾಲೀಕರ ಮುಖ ಸಣ್ಣದಾಗುತ್ತೆ.

ಮಣ್ಣು, ನೀರು ಶುದ್ಧ ಮಾಡಲು ಇಟ್ಟಿದ್ದ ಯಂತ್ರಗಳದ್ದು ಇಷ್ಟು ಕಷ್ಟವಲ್ಲ. ಮಣ್ಣಿನಿಂದ ಆವಿ ಎಳೆಯುತ್ತಿದ್ದ ಬ್ಲೋವರ್ ಇನ್ನೊಂದು ಸೈಟಿಗೆ ಹೋಗುತ್ತೆ. ಕಾರ್ಬನ್ ತುಂಬಿದ ಪೀಪಾಯಿಗಳೇ ಜಾಗ್ರತೆಯ ವಿಷಯ: ಒಳಗಿರುವುದು ಬೆಂಜೀನ್ ಹೀರಿದ ಇದ್ದಿಲು. ಪರೀಕ್ಷೆಯಲ್ಲಿ ಸೋರುವ ಬೆಂಜೀನ್ ಲೀಟರಿಗೆ 0.5 ಮಿಲಿಗ್ರಾಂ ಮುಟ್ಟಿದರೆ ಅಪಾಯಕಾರಿ ತ್ಯಾಜ್ಯದ ಲೆಕ್ಕಕ್ಕೆ ಬರುತ್ತೆ, ಲಾರಿಯೂ ಬೇರೆ, ಕಾಗದವೂ ಬೇರೆ. ನೆಲದಡಿಯ ಪೈಪ್‌ಗಳನ್ನು ಬಸಿದು ಬಾಯಿ ಮುಚ್ಚುವುದು, ವಾಯು ಮಂಡಳಿಯ ಪರ್ಮಿಟ್ ವಾಪಸ್ ಕೊಡುವುದು, ವಿದ್ಯುತ್ ಮೀಟರ್ ತೆಗೆಸುವುದು. ಕೊನೆಯವೆರಡು ಮರೆತರೆ ಬಿಲ್ ಬರುತ್ತಲೇ ಇರುತ್ತೆ.

ಊರಿನ ಕಡೆ ಇದನ್ನೆಲ್ಲ ಹೇಳಿದರೆ ನಗುತ್ತಾರೆ. ನಮ್ಮ ಕೋಲಾರದ ಕಡೆ ನೀರು ಬಾರದ ಬೋರ್‌ವೆಲ್ಲಿಗೆ ಕಲ್ಲು ಮುಚ್ಚಿ ನಡೆದುಬಿಡುವುದೇ ರೂಢಿ. 2010ರಲ್ಲಿ ಸುಪ್ರೀಂ ಕೋರ್ಟ್ ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು ತುಂಬಬೇಕೆಂದು ಹೇಳಿದ್ದು ಮಕ್ಕಳು ಬೀಳಬಾರದೆಂದು. ಮಗುವಿನ ಜೀವಕ್ಕೆ ಅದು ಸಾಕು. ಪಕ್ಕದಲ್ಲಿ ಕಾರ್ಖಾನೆಯ ಕೊಳಚೆ ಇರುವ ಕಡೆ ನೀರು ತಡೆಯಲು ಮರಳು ಸಾಲದು.

ಮುಚ್ಚಿದ ಮೇಲೆ 60 ದಿನದೊಳಗೆ ರಾಜ್ಯದ ಜಲಸಂಪನ್ಮೂಲ ಇಲಾಖೆಗೆ ಪ್ರತಿ ಬಾವಿಯ ವರದಿ ಹೋಗಬೇಕು. ನಾನು ಕೊನೆಯ ವರದಿಯಲ್ಲಿ ಒಂದೊಂದರ ಅಕ್ಷಾಂಶ, ರೇಖಾಂಶ, ಗ್ರೌಟ್ ಎಷ್ಟು ಹಿಡಿಯಿತು, ಕೇಸಿಂಗ್ ಒಳಗೇ ಉಳಿಯಿತೋ ಇಲ್ಲವೋ ಎಲ್ಲ ಬರೆಯುತ್ತೇನೆ. ಮುಂದೆ ಅಲ್ಲಿ ಅಪಾರ್ಟ್‌ಮೆಂಟಿಗೆ ಪಾಯ ತೆಗೆಯುವವರಿಗೆ ಸಿಮೆಂಟಿನ ಕಂಬ ಎದುರಾದಾಗ, ಅದೇನೆಂದು ತಿಳಿಯಲು ಇರುವುದು ಆ ಪುಟವೊಂದೇ.