ನೀರುಕರಡಿಗೆ ಮೂರು ದಿನ ಉಪವಾಸ

ಜೂನ್ ಮುಗಿಯುವ ಹೊತ್ತಿಗೆ ಧಾರವಾಡದ ಮಾಳಮಡ್ಡಿಯಲ್ಲಿ ಹಳೇ ಮನೆಗಳ ಕಂಪೌಂಡ್ ಗೋಡೆಗಳೆಲ್ಲ ಹಸಿರಾಗುತ್ತವೆ. ಅಂಥದ್ದೊಂದು ಗೋಡೆಯ ಪಾಚಿಯನ್ನು ಚೂರಿಯಿಂದ ಎಬ್ಬಿಸುತ್ತಿದ್ದಾಗ ಆ ಮನೆಯ ಅಜ್ಜಿ ಹೊರಗೆ ಬಂದರು.

"ಗ್ವಾಡಿ ಯಾಕ ಕೆರೀಲಿಕ್ಕತ್ತೀ ತಂಗಿ?"

"ಪಾಚಿ ಬೇಕಾಗಿತ್ರೀ ಅಜ್ಜಿ. ಇದರಾಗ ಸಣ್ಣ ಸಣ್ಣ ಹುಳ ಇರ್ತಾವ."

"ಹಂಗಾದ್ರ ಅಷ್ಟೂ ತೊಗೊಂಡ್ ಹೋಗು. ಗ್ವಾಡಿನೂ ಸ್ವಚ್ಛ ಆಗ್ತದ."

ನನಗೆ ಬೇಕಿದ್ದದ್ದು ಒಂದು ಹಿಡಿ. ಆ ಒಂದು ಹಿಡಿಯಲ್ಲಿ ಸಿಕ್ಕ ಪ್ರಾಣಿಗಳ ಜೊತೆ ನಾನು ಎರಡು ವರ್ಷ ಕಳೆದೆ.

ಪಾಚಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಬಾರದು, ಬೂಷ್ಟು ಹಿಡಿಯುತ್ತದೆ. ಕಾಗದದ ಲಕೋಟೆಯಲ್ಲಿ ಹಾಕಿ ನೆರಳಲ್ಲಿ ಒಣಗಿಸಿದರೆ ತಿಂಗಳುಗಟ್ಟಲೆ ಇಡಬಹುದು. ಒಳಗಿನ ಪ್ರಾಣಿಗಳು ಮುರುಟಿಕೊಂಡು ಒಣಗಿ ಮಲಗಿರುತ್ತವೆ, ನೀರು ಬಿದ್ದರೆ ಏಳುತ್ತವೆ. 1702ರಲ್ಲೇ ಸೂಕ್ಷ್ಮದರ್ಶಕದ ಡಚ್ಚ ಲೇವೆನ್‌ಹುಕ್ ಮಾಳಿಗೆಯ ದೋಣಿಯಲ್ಲಿ ಒಣಗಿದ್ದ ಕಸಕ್ಕೆ ನೀರು ಹಾಕಿ, ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿಗಳು ಜೀವ ತಳೆದು ಓಡಾಡುವುದನ್ನು ಕಂಡಿದ್ದ. ನಾನು ಸಂಜೆ ನೆನೆಸಿ ಮುಂಜಾನೆ ಅವಲಕ್ಕಿ ಹಿಂಡಿದ ಹಾಗೆ ಹಿಂಡುತ್ತೇನೆ. ತಟ್ಟೆಯ ತಳಕ್ಕೆ ಇಳಿದ ಕೆಸರನ್ನು ಕಪ್ಪು ಕಾಗದದ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನಲವತ್ತು ಪಟ್ಟು ಹಿಗ್ಗಿಸಿ ನೋಡಿದರೆ, ಮೊದಲು ಕಣ್ಣಿಗೆ ಬೀಳುವುದು ತಲೆಯ ಮೇಲೆ ಚಕ್ರ ತಿರುಗುತ್ತಿರುವಂತೆ ಕಾಣುವ ರೋಟಿಫರ್‌ಗಳು. ಆಮೇಲೆ ಬಳಕುವ ದುಂಡುಹುಳುಗಳು, ನೆಮಟೋಡ್‌ಗಳು. ತಾಳ್ಮೆಯಿಂದ ಕೂತರೆ ಎಂಟು ಮೋಟು ಕಾಲುಗಳ ನೀರುಕರಡಿ, ಟಾರ್ಡಿಗ್ರೇಡ್. ಅರ್ಧ ಮಿಲಿಮೀಟರ್ ಇದ್ದರೆ ಅದು ದೊಡ್ಡದೇ.

1773ರಲ್ಲಿ ಗೋಯ್ಜೆ ಎಂಬ ಜರ್ಮನ್ ಪಾದ್ರಿ ಇದನ್ನು 'ಪುಟ್ಟ ನೀರುಕರಡಿ' ಎಂದು ಕರೆದ. ಅಂದಿನಿಂದ ಇದು ಯಾರ ಬಳಗ ಎಂಬ ಪ್ರಶ್ನೆ ಇದ್ದೇ ಇದೆ. 1997ರಲ್ಲಿ 18ಎಸ್ ಎಂಬ ಒಂದೇ ಜೀನ್ ಹೋಲಿಸಿದ ತಂಡವೊಂದು, ಕೀಟ, ಏಡಿ, ನೆಮಟೋಡ್, ನೀರುಕರಡಿ ಎಲ್ಲವೂ ಪೊರೆ ಕಳಚುವ ಒಂದೇ ದೊಡ್ಡ ಮನೆತನ ಎಂದು ತೋರಿಸಿತು. ಮನೆತನವೇನೋ ಗೊತ್ತಾಯಿತು. ಅದರೊಳಗೆ ನೀರುಕರಡಿ ಏಡಿ–ಜೇಡಗಳ ಕಡೆಯದೋ, ನೆಮಟೋಡ್‌ಗಳ ಕಡೆಯದೋ? ಆ ಒಂದು ಜೀನಿನಲ್ಲಿ ಸುಮಾರು 1,800 ಅಕ್ಷರಗಳಷ್ಟೇ ಇರುತ್ತವೆ. ಐವತ್ತು ಕೋಟಿ ವರ್ಷಕ್ಕೂ ಹಿಂದಿನ ಕವಲನ್ನು ಅಷ್ಟರಲ್ಲಿ ಓದಲು ಆಗುವುದಿಲ್ಲ. ಅದಕ್ಕೇ ಇಡೀ ಜೀನೋಮ್, ಅಂದರೆ ಪ್ರಾಣಿಯ ಡಿಎನ್‌ಎಯ ಪೂರ್ತಿ ಬರಹ ಬೇಕು.

ತೊಡಕು ಶುರುವಾಗುವುದು ಇಲ್ಲೇ. ಒಂದು ನೀರುಕರಡಿಯಲ್ಲಿರುವ ಡಿಎನ್‌ಎ ನೂರು ಪಿಕೋಗ್ರಾಂ ಆಸುಪಾಸು. ಪಿಕೋಗ್ರಾಂ ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಅದನ್ನು ಕಿಣ್ವದಿಂದ ಹತ್ತಾರು ಸಾವಿರ ಪಟ್ಟು ಬೆಳೆಸಿದ ಮೇಲೆಯೇ ಓದಿಸಲು ಕಳಿಸಬಹುದು. ಹಾಗೆ ಬೆಳೆಸುವಾಗ ಪ್ರಾಣಿಯ ಮೈಗೆ ಅಂಟಿದ ಬ್ಯಾಕ್ಟೀರಿಯಾ, ಅದರ ಹೊಟ್ಟೆಯಲ್ಲಿದ್ದ ಊಟ, ನನ್ನ ಕೈಯ ಚರ್ಮದ ಹೊಟ್ಟು, ಎಲ್ಲವೂ ಜೊತೆಗೇ ಬೆಳೆಯುತ್ತವೆ. ಪ್ರಾಣಿ ಸಣ್ಣದಾದಷ್ಟೂ ಈ ಪರರ ಪಾಲು ಹೆಚ್ಚು.

ಮೊದಲ ಸಲ ನನಗೆ ಇದರ ತೂಕ ತಿಳಿದಿರಲಿಲ್ಲ. ಮಿಲ್ನೀಸಿಯಮ್ ಕುಲದ, ಕಂದು ಬಣ್ಣದ, ದಪ್ಪನೆಯ ಒಂದನ್ನು ಆರಿಸಿ, ಎರಡು ಸಲ ನೀರಲ್ಲಿ ತೊಳೆದು, ಅವತ್ತೇ ಡಿಎನ್‌ಎ ತೆಗೆದೆ. ಐಸ್ ಡಬ್ಬಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಯಿತು. ತಿಂಗಳು ಬಿಟ್ಟು ಮಾಹಿತಿ ಬಂತು. ತುಣುಕುಗಳನ್ನು ಜೋಡಿಸಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ. ಅದು ನಿರೀಕ್ಷೆಯಲ್ಲಿದ್ದದ್ದೇ, ಬೇರ್ಪಡಿಸಿದೆ. ಆದರೆ ಉಳಿದದ್ದರಲ್ಲಿ ಹತ್ತಿಪ್ಪತ್ತು ಜೀನ್‌ಗಳು ವಂಶವೃಕ್ಷದಲ್ಲಿ ಸೀದಾ ರೋಟಿಫರ್‌ಗಳ ನಡುವೆ ಹೋಗಿ ಕೂತವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು ಪ್ರಾಣಿಯ ಜೀನ್ ಇನ್ನೊಂದರ ಜೀನೋಮಿಗೆ ದಾಟಿದೆ, ಅದು ನಮ್ಮ ಧಾರವಾಡದ ಗೋಡೆಯ ಮೇಲೆ ಸಿಕ್ಕಿದೆ ಎಂದು ಮನಸ್ಸು ಹಾರಾಡಿತು.

ನನ್ನನ್ನು ತಡೆದದ್ದು 2015ರ ಒಂದು ಪ್ರಕರಣ. ಆ ವರ್ಷ ಪ್ರಕಟವಾದ ನೀರುಕರಡಿಯೊಂದರ ಜೀನೋಮಿನಲ್ಲಿ ಆರರಲ್ಲಿ ಒಂದು ಜೀನ್ ಬೇರೆ ಜೀವಿಗಳಿಂದ ಬಂದದ್ದು ಎಂಬ ವಾದ ಜಗತ್ತಿನಾದ್ಯಂತ ಸುದ್ದಿಯಾಯಿತು. ಕೆಲವೇ ದಿನಗಳಲ್ಲಿ ಎಡಿನ್‌ಬರೋದ ತಂಡ ಅದೇ ಪ್ರಾಣಿಯ ತನ್ನ ಮಾಹಿತಿಯನ್ನು ಮುಂದಿಟ್ಟು, ಅದರಲ್ಲಿ ಬಹುಪಾಲು ಕಲಬೆರಕೆ ಎಂದು ತೋರಿಸಿತು. ಮರುವರ್ಷ ಜಪಾನಿನವರು ಇನ್ನೊಂದು ಜಾತಿಯನ್ನು ಬಹಳ ಶುಚಿಯಾಗಿ ಓದಿದಾಗ ಹಾಗೆ ಹೊರಗಿನಿಂದ ಬಂದ ಜೀನ್‌ಗಳು ಶೇ 1.2 ಮಾತ್ರ. ಬಿಡೆಲಾಯ್ಡ್ ಎಂಬ ಗುಂಪಿನ ರೋಟಿಫರ್‌ಗಳಲ್ಲಿ ಸುಮಾರು ಶೇ 8ರಷ್ಟು ಪರಕೀಯ ಜೀನ್ ಇರುವುದು ನಿಜ, 2013ರಲ್ಲಿ ಬಂದ ಅವುಗಳ ಜೀನೋಮ್ ಅದನ್ನು ತೋರಿಸಿದೆ. ಆದ್ದರಿಂದ ಇಂಥದ್ದು ಆಗುವುದೇ ಇಲ್ಲ ಎನ್ನುವಂತಿಲ್ಲ, ಪುರಾವೆ ಬೇಕು.

ಪುರಾವೆ ಹುಡುಕುವ ದಾರಿ ಸರಳ. ಆ ಜೀನಿನ ಅಕ್ಕಪಕ್ಕದ ಮನೆಯವರು ಯಾರು? ಒಂದೇ ಉದ್ದನೆಯ ತುಣುಕಿನಲ್ಲಿ ಎರಡು ನೀರುಕರಡಿ ಜೀನ್‌ಗಳ ನಡುವೆ ಅದು ಕೂತಿದ್ದರೆ ಒಳಗಿನದೇ. ನನ್ನವು ಹಾಗಿರಲಿಲ್ಲ. ತುಣುಕಿಗೆ ತುಣುಕೇ ರೋಟಿಫರ್, ಯಂತ್ರ ಅವನ್ನು ಓದಿದ ಸಲಗಳೂ ಉಳಿದವುಗಳಿಗಿಂತ ಬಹಳ ಕಡಿಮೆ. ಡಿಎನ್‌ಎ ತೆಗೆಯುವ ಮುಂಚೆ ತೆಗೆದಿದ್ದ ಫೋಟೋ ಮತ್ತೆ ತೆರೆದು ಹಿಗ್ಗಿಸಿದೆ. ಕಂದು ಹೊಟ್ಟೆಯ ಮಧ್ಯದಲ್ಲಿ ಗಾಜಿನ ಚೂರಿನಂತೆ ಹೊಳೆಯುವ ಒಂದು ಜೋಡಿ ಗಟ್ಟಿ ದವಡೆ. ರೋಟಿಫರ್‌ನ ದವಡೆ! ಮಿಲ್ನೀಸಿಯಮ್ ಬೇಟೆಗಾರ, ರೋಟಿಫರ್‌ಗಳನ್ನು ಇಡಿಯಾಗಿ ನುಂಗುತ್ತದೆ. ನಾನು ಓದಿಸಿದ್ದು ಅದರ ಊಟವನ್ನೂ ಸೇರಿಸಿ.

ಅವತ್ತಿನಿಂದ ನನ್ನ ಟೇಬಲ್ಲಿನಲ್ಲಿ ಪ್ರತಿ ನೀರುಕರಡಿಗೂ ಮೂರು ದಿನ ಉಪವಾಸ. ಸೋಸಿದ ಶುದ್ಧ ನೀರಲ್ಲಿ ಒಂದೊಂದನ್ನೇ ಬೇರೆ ಬೇರೆ ಗುಳಿಯಲ್ಲಿಟ್ಟು, ದಿನಕ್ಕೆರಡು ಸಲ ನೀರು ಬದಲಿಸಿ, ಹೊಟ್ಟೆ ಖಾಲಿಯಾಗಿ ಮೈ ಪಾರದರ್ಶಕವಾಗುವ ತನಕ ಕಾಯುತ್ತೇನೆ. ಕೊನೆಯ ದಿನ ಪ್ರತಿಜೀವಕ ಬೆರೆಸಿದ ನೀರಲ್ಲಿ ಕೆಲವು ತಾಸು. ಆಮೇಲೆ ಮೂರು ಸಲ ಜಾಲಾಡಿಸಿ ತೊಳೆಯುವುದು. ನಮ್ಮವ್ವ ಜೋಳ ಹಸನು ಮಾಡುವಾಗ ಮೊರದ ಮೇಲೆ ಮೂರನೇ ಸಲವೂ ಕೈಯಾಡಿಸುತ್ತಿದ್ದಳು, ಒಂದು ಹರಳು ಉಳಿದರೂ ಹಲ್ಲಿಗೆ ಸಿಗುತ್ತದೆ ಎಂದು. ಈ ಕೆಲಸದ ಮುಕ್ಕಾಲು ಪಾಲು ಹಸನು ಮಾಡುವುದೇ. ಪ್ರತಿ ಕಂತಿನಲ್ಲೂ ಪ್ರಾಣಿ ಹಾಕದ, ಬರೀ ನೀರಿನ ಒಂದು ನಳಿಗೆಯನ್ನೂ ಜೊತೆಗೆ ನಡೆಸುತ್ತೇನೆ. ಅದರಲ್ಲೂ ಡಿಎನ್‌ಎ ಬೆಳೆದರೆ ಇಡೀ ಕಂತು ಬಿಸಾಡುವುದು, ಎಷ್ಟೇ ಸಂಕಟವಾದರೂ.

ಇನ್ನೊಂದು ಮಾತು. ಪ್ರಾಣಿಯನ್ನು ಪೂರಾ ಕರಗಿಸಿಬಿಟ್ಟರೆ ಅದು ಯಾವ ಜಾತಿ ಎಂದು ನಾಳೆ ಯಾರಾದರೂ ಕೇಳಿದಾಗ ತೋರಿಸಲು ಏನೂ ಉಳಿಯುವುದಿಲ್ಲ. ಚೆಲೆಕ್ಸ್ ಎಂಬ ರಾಳದ ದ್ರಾವಣದಲ್ಲಿ ಕಾಯಿಸಿ ಡಿಎನ್‌ಎ ತೆಗೆದರೆ ಹೊರಪೊರೆ ಹಾಗೇ ಉಳಿಯುತ್ತದೆ. ನಳಿಗೆಯ ತಳದಿಂದ ಅದನ್ನು ಎತ್ತಿ ಗಾಜಿನ ಮೇಲೆ ಹಚ್ಚಿಟ್ಟರೆ ಉಗುರುಗಳ ಆಕಾರ ಸ್ಪಷ್ಟವಾಗಿ ಕಾಣುತ್ತದೆ. ಜಾತಿ ಗುರುತಿಸುವುದು ಬಹಳಷ್ಟು ಆ ಉಗುರಿನಿಂದಲೇ.

ಎರಡನೇ ಸುತ್ತಿನ ಜೀನೋಮ್ ಹಸನಾಗಿತ್ತು. ಬಹುತೇಕ ಎಲ್ಲ ಪ್ರಾಣಿಗಳಲ್ಲೂ ಒಂದೊಂದೇ ಪ್ರತಿ ಇರುವ 954 ಜೀನ್‌ಗಳ ಸಿದ್ಧ ಪಟ್ಟಿಯೊಂದಿದೆ, ಬುಸ್ಕೋ ಎನ್ನುತ್ತಾರೆ. ಮೊದಲ ಸಲ ಅದರಲ್ಲಿ ಅರ್ಧವೂ ಸಿಕ್ಕಿರಲಿಲ್ಲ, ಈ ಸಲ ಹೆಚ್ಚಿನವು ಸಿಕ್ಕವು. ಸಾರ್ವಜನಿಕ ಭಂಡಾರದಿಂದ ಕೀಟ, ಜೇಡ, ನೆಮಟೋಡ್, ಬೇರೆ ನೀರುಕರಡಿಗಳ ಅವೇ ಜೀನ್‌ಗಳನ್ನು ಇಳಿಸಿಕೊಂಡು, ಮಾಫ್ಟ್‌ನಲ್ಲಿ ಸಾಲು ಹೊಂದಿಸಿ, ಐಕ್ಯೂ-ಟ್ರೀಯಲ್ಲಿ ವೃಕ್ಷ ಕಟ್ಟಲು ಹಚ್ಚಿದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು. ಈ ತಂತ್ರಾಂಶ ಆಗಾಗ ತನ್ನ ಕೆಲಸವನ್ನು ಉಳಿಸಿಕೊಳ್ಳುತ್ತದೆ, ಮತ್ತೆ ಹಚ್ಚಿದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಆ ಫೈಲನ್ನು ಮಾತ್ರ ಅಳಿಸಬಾರದು.

ವೃಕ್ಷ ಬಂತು. ನೀರುಕರಡಿ ನೆಮಟೋಡ್ ಪಕ್ಕದಲ್ಲಿ. ಮಾಹಿತಿಯನ್ನು ಮತ್ತೆ ಮತ್ತೆ ಕಲಸಿ ವೃಕ್ಷ ಕಟ್ಟಿ ನೋಡುವ ಬೂಟ್‌ಸ್ಟ್ರಾಪ್ ಪರೀಕ್ಷೆಯಲ್ಲಿ ಆ ಕವಲಿಗೆ ಬೆಂಬಲ ನೂರಕ್ಕೆ ನೂರು.

ನೂರು ಅಂಕ ನೋಡಿದ ಕೂಡಲೇ ನಂಬಬಾರದು ಎಂಬುದನ್ನು ನನಗೆ ಊರಿನ ಉದಾಹರಣೆಯಿಂದ ಹೇಳುವುದು ಸುಲಭ. ಒಂದೂರಿನ ಎರಡು ಬೇರೆ ಬೇರೆ ಮನೆತನಗಳಿಂದ ಒಬ್ಬೊಬ್ಬರು ಪುಣೆಗೆ ಹೋಗಿ ಮೂರು ತಲೆಮಾರು ಕಳೆದರು ಅನ್ನಿ. ಅವರ ಮೊಮ್ಮಕ್ಕಳ ಮಾತು, ಉಡುಪು ಎಲ್ಲ ಬದಲಾಗಿ ಒಂದೇ ತರಹ ಆಗಿರುತ್ತದೆ. ಹೊರಗಿನವನು ಅವರಿಬ್ಬರನ್ನೇ ಅಣ್ಣತಮ್ಮಂದಿರು ಅಂದುಕೊಳ್ಳುತ್ತಾನೆ, ಊರಲ್ಲಿರುವ ಖರೇ ದಾಯಾದಿಗಳನ್ನು ಬಿಟ್ಟು. ಜೀನುಗಳಲ್ಲೂ ಹಾಗೇ. ನೆಮಟೋಡ್ ಮತ್ತು ನೀರುಕರಡಿ ಎರಡೂ ವೇಗವಾಗಿ ಬದಲಾದ ಕವಲುಗಳು. ಬದಲಾಗುತ್ತ ಬದಲಾಗುತ್ತ ಆಕಸ್ಮಿಕವಾಗಿ ಅದೇ ಅಕ್ಷರಕ್ಕೆ ಬಂದು ನಿಂತಿರುತ್ತವೆ. ಬದಲಾವಣೆ ಹೆಚ್ಚಾದಷ್ಟೂ ವೃಕ್ಷದಲ್ಲಿ ಕೊಂಬೆ ಉದ್ದ. ಉದ್ದ ಕೊಂಬೆಗಳು ಹೀಗೆ ಒಂದನ್ನೊಂದು ಎಳೆಯುತ್ತವೆ ಎಂದು ಫೆಲ್ಸನ್‌ಸ್ಟೈನ್ ಎಂಬ ವಿಜ್ಞಾನಿ 1978ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಲೆಕ್ಕದ ಮಾದರಿಯೇ ತಪ್ಪಿದ್ದರೆ ಜೀನ್ ಹೆಚ್ಚಿಸಿದಷ್ಟೂ ತಪ್ಪು ಉತ್ತರಕ್ಕೇ ಬೆಂಬಲ ಏರುತ್ತದೆ.

ಹಾಗಾಗಿ ವೇಗವಾಗಿ ಬದಲಾದ ನೆಮಟೋಡ್‌ಗಳನ್ನು ತೆಗೆದು ನಿಧಾನಿಗಳನ್ನು ಇಟ್ಟೆ. ಉದ್ದ ಕೊಂಬೆಯನ್ನು ನಡುವೆ ಮುರಿದು ಗಿಡ್ಡ ಮಾಡಲು ಹೆಚ್ಚು ನೀರುಕರಡಿಗಳನ್ನೂ, ಒನಿಕೊಫೋರಾ ಎಂಬ ಮಖಮಲ್ ಹುಳುಗಳನ್ನೂ ಸೇರಿಸಿದೆ. ಈ ಹುಳು ನಮ್ಮ ದೇಶದಲ್ಲೂ ಇದೆ, ಅರುಣಾಚಲದ ಸಿಯಾಂಗ್ ಕಣಿವೆಯಲ್ಲಿ 1911ರಲ್ಲಿ ಸಿಕ್ಕಿದ್ದು, ನೂರು ವರ್ಷ ದಾಟಿದ ಮೇಲೆ ಬೆಂಗಳೂರಿನ ಏಟ್ರೀ ಸಂಸ್ಥೆಯವರಿಗೆ ಮತ್ತೆ ಕಂಡಿತು. ಪ್ರೋಟೀನಿನ ಪ್ರತಿ ಸ್ಥಾನಕ್ಕೂ ಬೇರೆ ಬೇರೆ ಬದಲಾವಣೆಯ ರೀತಿ ಒಪ್ಪಿಕೊಳ್ಳುವ ಸಿ60 ಮಾದರಿಯಲ್ಲಿ ಮತ್ತೆ ನಡೆಸಿದೆ. ಈ ಸಲ ನೀರುಕರಡಿ ಏಡಿ–ಜೇಡ–ಮಖಮಲ್ ಹುಳುಗಳ ಕಡೆಗೆ ಬಂತು, ಬೆಂಬಲ ಮಾತ್ರ ಇಳಿಯಿತು.

ನನಗೆ ಈ ಎರಡನೆಯ ವೃಕ್ಷದ ಮೇಲೇ ಹೆಚ್ಚು ನಂಬಿಕೆ. ಆದರೂ ವಾದ ಮುಗಿದಿಲ್ಲ. 2017ರಲ್ಲಿ ಎರಡು ನೀರುಕರಡಿಗಳ ಪೂರ್ಣ ಜೀನೋಮ್ ಹೋಲಿಸಿದ ತಂಡಕ್ಕೆ ನೆಮಟೋಡ್ ಕಡೆಯ ವೃಕ್ಷವೇ ಬಂದಿತ್ತು. ನನ್ನ ವೃಕ್ಷದಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಇರುವ ನೀರುಕರಡಿಗಳಲ್ಲಿ ಹೆಚ್ಚಿನವು ಬರಿಮೈಯವು, ಬೆನ್ನಿಗೆ ಕವಚವಿರುವ ಇನ್ನೊಂದು ದೊಡ್ಡ ಕವಲಿನವು ತೀರ ಕಡಿಮೆ. ಉದ್ದ ಕೊಂಬೆಯನ್ನು ಮುರಿಯಬೇಕಾದದ್ದು ಅಲ್ಲೇ.

ಕವಚದ ನೀರುಕರಡಿಗಳು ಬಿಸಿಲಿಗೆ ಒಣಗುವ ಪಾಚಿಯಲ್ಲಿ ಚೆನ್ನಾಗಿ ಬಾಳುತ್ತವೆ. ಅದಕ್ಕೇ ಹೋದ ವಾರ ಗದಗ ಕಡೆ ಹೋಗಿ ಕಪ್ಪತಗುಡ್ಡದ ತಪ್ಪಲಿನ ಬಂಡೆಗಳಿಂದ ಏಳು ಲಕೋಟೆ ತಂದೆ. ಆರರಲ್ಲಿ ಏನೂ ಇಲ್ಲ. ಏಳನೆಯದನ್ನು ಹಿಂಡಿದಾಗ ಇಟ್ಟಿಗೆ ಬಣ್ಣದ, ಬೆನ್ನ ಮೇಲೆ ಫಲಕಗಳಿರುವ, ಕೂದಲಿನಂಥ ಉದ್ದ ಎಳೆಗಳ ಎರಡು ಸಿಕ್ಕಿವೆ. ಇವತ್ತು ಅವುಗಳ ಉಪವಾಸದ ಎರಡನೇ ದಿನ.