ಮಳೆಗಾಲಕ್ಕೆ ಜಗ್ಗದ ಹಲಸಿನ ಗೋಡೆಹೊದಿಕೆ: ನನ್ನ ಅನುಭವ

ಸಾಗರದ ಕಡೆಯ ಜಂಬಿಟ್ಟಿಗೆ ಗೋಡೆಗೆ ಮರ ಹೊದಿಸುವುದೆಂದರೆ ಗೆದ್ದಲಿಗೆ ಎಲೆ ಹಾಕಿ ಬಡಿಸಿದಂತೆ ಎಂದು ನಮ್ಮೂರಿನ ಹಿರಿಯ ಆಚಾರಿಯೊಬ್ಬರು ನಕ್ಕಿದ್ದರು. ಕಳೆದ ಆಶ್ವಯುಜದಲ್ಲಿ ಅವರೇ ಬಂದು, ಹೊದಿಕೆಯನ್ನು ಬುಡದಿಂದ ತಲೆಯವರೆಗೆ ತಟ್ಟಿ ನೋಡಿ, ತಮ್ಮ ಮಗನ ಮನೆಗೆ ಅಳತೆ ಬರೆದುಕೊಂಡು ಹೋದರು.

ಇದಕ್ಕೂ ಮೊದಲು ಗುತ್ತಿಗೆದಾರರೊಬ್ಬರು ನಮ್ಮ ಮನೆಯ ಅದೇ ಪಡುವಣ ಗೋಡೆಗೆ ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ) ಪ್ಯಾನೆಲ್ ಅಂಟಿಸಿದ್ದರು. ಆಷಾಢ ಮುಗಿಯುವುದರೊಳಗೆ ಬುಡದಿಂದ ಗೇಣುದ್ದದವರೆಗೆ ಉಬ್ಬಿ, ಹಿಂಬದಿಗೆಲ್ಲ ಬೂಷ್ಟು ಹಿಡಿದು, ಸುಮಾರು 40,000 ರೂಪಾಯಿ ದಂಡವಾಯಿತು. ಆಮೇಲೆ ಹಾಕಿಸಿದ ವಾಟರ್‌ಪ್ರೂಫ್ ಪ್ಲೈವುಡ್ ತಾನು ಕೆಡಲಿಲ್ಲ. ಆದರೆ ಗೋಡೆಯ ಶೀತಕ್ಕೆ ಹೊರಬರಲು ದಾರಿಯಿಲ್ಲದೆ, ಹೊದಿಕೆಯ ಮೇಲಂಚಿನಿಂದಾಚೆಗೆ ಗಾರೆ ಉದುರತೊಡಗಿತು. ಗಾಳಿಯಾಡಬೇಕಾದದ್ದು ಮರದ ಹಿಂದೆ ಎಂಬುದು ಆಗ ಸ್ಪಷ್ಟವಾಯಿತು.

ಕಳಚಿದ ಹಳೆಯ ಮನೆಯೊಂದರ ಹಲಸಿನ ತೊಲೆಗಳು ಹತ್ತು ಸಾವಿರದ ಆಸುಪಾಸಿನಲ್ಲಿ ದೊರೆತವು. ಸಾಮಿಲ್ಲಿನಲ್ಲಿ ಒಳಗೆ ಹುದುಗಿದ್ದ ಮೊಳೆಯೊಂದು ತಗುಲಿ ಗರಗಸದ ಹಲ್ಲು ಮುರಿದದ್ದರಿಂದ ಸೀಳುವ ಕೂಲಿಯ ಜೊತೆಗೆ ಅದರ ಬೆಲೆಯನ್ನೂ ತೆರಬೇಕಾಯಿತು. ಉಳಿದ ತೊಲೆಗಳ ಮೇಲೆ ಹಳೆಯ ಸ್ಪೀಕರಿನ ಅಯಸ್ಕಾಂತ ಆಡಿಸಿಯೇ ಕಳಿಸಿದೆ. ಮುಕ್ಕಾಲು ಇಂಚು ದಪ್ಪ, ನಾಲ್ಕಿಂಚು ಅಗಲ. ಅದಕ್ಕಿಂತ ಅಗಲವಾದರೆ ಹಲಗೆ ದೋಣಿಯಂತೆ ಬಾಗುತ್ತದೆ. ಸೀಳಿದ ಹಲಗೆಗಳನ್ನು ಒಂದು ಬೇಸಿಗೆ ಪೂರ್ತಿ ಅಟ್ಟದ ಮೇಲೆ ನಡುನಡುವೆ ಚಕ್ಕೆಯಿಟ್ಟು ಒಣಗಲು ಪೇರಿಸಿದ್ದೆ.

ಹಲಗೆ ಕೂರಿಸಲು ಗೋಡೆಗೆ ಬಡಿದ ಅಡ್ಡ ರೀಪುಗಳ ಬೆನ್ನಿಗೆ ಅಲ್ಲಲ್ಲಿ ಕಚ್ಚು ಹಾಕಿ, ನೆಲದ ಬಳಿಯೂ ಸೂರಿನ ಬಳಿಯೂ ಒಂದಿಂಚು ತೆರವು ಬಿಟ್ಟಿದ್ದರಿಂದ ಗಾಳಿ ಹಿಂದಿನಿಂದ ಮೇಲೇರುತ್ತದೆ. ಟಂಗ್–ಗ್ರೂವ್ (ಒಂದರ ನಾಲಿಗೆ ಇನ್ನೊಂದರ ಗಾಡಿಯಲ್ಲಿ ಕೂರುವ) ಹಲಗೆಗಳಿಗೆ ಒಂದು ಅಂಚಿಗೆ ಮಾತ್ರ ಸ್ಟೇನ್‌ಲೆಸ್ ಸ್ಕ್ರೂ, ಇನ್ನೊಂದು ಅಂಚು ಸ್ವತಂತ್ರ. ಏಪ್ರಿಲ್‌ನಲ್ಲಿ ಜೋಡಿಸಿದ್ದರಿಂದ ಸಂದಿನಲ್ಲಿ ಎರಡು ಮಿಲಿಮೀಟರ್ ಬಿಟ್ಟೆ, ಜುಲೈನಲ್ಲಿ ಅದು ತಾನಾಗಿ ಮುಚ್ಚಿಕೊಂಡಿತು. ಅಂಟನ್ನು ಎಲ್ಲಿಯೂ ಬಳಸಿಲ್ಲ.

ರೀಪಿಗೂ ಹಲಗೆಯ ಹಿಂಬದಿಗೂ ಗೇರು ಎಣ್ಣೆ (ಗೇರುಬೀಜದ ಸಿಪ್ಪೆಯಿಂದ ತೆಗೆದದ್ದು) ಬಳಿದಿದ್ದೇನೆ. ಅದರೊಡನೆ ಏನನ್ನು, ಎಷ್ಟು ಬೆರೆಸಿದೆನೆಂಬುದು ನನ್ನಲ್ಲಿಯೇ ಇರಲಿ. ಕೈಗವಸು ಮಾತ್ರ ಮರೆಯಬಾರದು, ಚರ್ಮ ಸುಡುತ್ತದೆ. ಕುತೂಹಲಕ್ಕೆ ಒಂದು ಹಲಗೆಯ ಮುಂಬದಿಗೂ ಅದನ್ನೇ ಬಳಿದೆ, ಕಪ್ಪಾಗಿ ಅಂಟಂಟಾಗಿಯೇ ಉಳಿಯಿತು. ಮುಂಬದಿಗೆ ಕುದಿಸಿದ ಅಗಸೆ ಎಣ್ಣೆ ಬಳಿದ ಹಲಗೆ ಹೊಂಬಣ್ಣದಿಂದ ಕೆಂಗಂದಿಗೆ ತಿರುಗಿತು.

ಸುಮಾರು 90 ಚದರಡಿಗೆ ಎಲ್ಲ ಸೇರಿ 30,000ದೊಳಗೆ ಮುಗಿಯಿತು, ನನ್ನ ಕೂಲಿ ಹಿಡಿದಿಲ್ಲ. ಹಲಸಿಗೆ ಬೆಳಕಿನಿಂದಲೇ ಬಣ್ಣ ಏರುವುದರಿಂದ ಮೊದಲ ವರ್ಷ ಗೋಡೆಗೆ ಏನನ್ನೂ ತೂಗುಹಾಕಬೇಡಿ. ನಮ್ಮಲ್ಲಿ ಕ್ಯಾಲೆಂಡರಿನ ಆಕಾರದ ಹಳದಿ ಚೌಕವೊಂದು ಇನ್ನೂ ಪೂರ್ತಿ ಮಾಸಿಲ್ಲ.