ಒಬ್ಬರು ಕಾಡಿಗೆ, ಒಬ್ಬರು ನಾಯಿಗೆ

"ಗಾಡೀತ್ ಕುತ್ರಾ ಆಹೇ ಕಾ?"

ಗಾಡಿಯಲ್ಲಿ ನಾಯಿ ಇದೆಯಾ ಅಂತ ಭೀಮಾಶಂಕರದ ಕಾಡಿನ ಜಾಡು ಶುರುವಾಗುವ ಕಡೆ ಗಾರ್ಡ್ ಮರಾಠಿಯಲ್ಲಿ ಕೇಳಿದ. ನಮ್ಮವರು ಬಾಯಿ ತೆರೆಯುವ ಮೊದಲೇ ಗುಂಡ್ಯಾ ಕಿಟಕಿಯಿಂದ ಮೂತಿ ಹೊರಗೆ ಹಾಕಿ ತಾನೇ ಬೊಗಳಿ ಒಪ್ಪಿಕೊಂಡ. ಗಾರ್ಡ್ ನಕ್ಕ. ನಕ್ಕರೂ ಒಳಗೆ ಬಿಡಲಿಲ್ಲ.

ಧಾರವಾಡ ಬಿಟ್ಟು ಪುಣೆಯ ಕೋಥ್ರೂಡಿಗೆ ಬಂದು ನಮಗೆ 16 ವರ್ಷ. ಹಳೇ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಸೀಟು ಬಿಚ್ಚಿಸಿ, ಮಂಚ, ಒಲೆ, ನೀರಿನ ಟ್ಯಾಂಕ್ ಕೂರಿಸಿಕೊಂಡು ತಿರುಗುತ್ತೇವೆ. ನಾಯಿ ಎರಡು. ಚಿನ್ನಿ ಸಿಂಹಗಡ ರಸ್ತೆಯಲ್ಲಿ ಸಿಕ್ಕ ಬೀದಿ ಮರಿ. ಗುಂಡ್ಯಾ ಮುಧೋಳದವನು. ಮುಧೋಳ ನಾಯಿಗೆ ಈ ಕಡೆ ಕಾರವಾನಿ ಅಂತಾರೆ. ಕ್ಯಾರವಾನ್‌ನಲ್ಲಿ ಕಾರವಾನಿ ಅಂತ ನಮ್ಮವರು ಪ್ರತಿ ಧಾಬಾದಲ್ಲೂ ಹೇಳಿ ತಾವೇ ನಗುತ್ತಾರೆ.

ಅವತ್ತು ಭೀಮಾಶಂಕರದಲ್ಲಿ ನಾವು ಮಾಡಿದ್ದು ಶುದ್ಧ ತಪ್ಪು. ಮಾರ್ಚ್ ಕೊನೆ. ಇಷ್ಟು ದೂರ ಬಂದು ಶೇಕರು, ಅಂದರೆ ಇಲ್ಲಿನ ದೈತ್ಯ ಅಳಿಲು, ನೋಡದೆ ಹೋಗುವುದೇ ಅಂತ, ವ್ಯಾನನ್ನು ಮರದ ಕೆಳಗೆ ನಿಲ್ಲಿಸಿ, ಗಾಜು ಎರಡು ಬೆರಳಷ್ಟು ಇಳಿಸಿ, ಎರಡನ್ನೂ ಒಳಗೆ ಬಿಟ್ಟು ನಡೆದೆವು. ಅರ್ಧ ಗಂಟೆ ಸಾಕು ಅಂದುಕೊಂಡಿದ್ದೆವು. ನೀರಿನ ಬಾಟಲಿ ಮರೆತಿದ್ದಕ್ಕೆ ನಾನು 20 ನಿಮಿಷಕ್ಕೇ ವಾಪಸ್ ಬಂದೆ. ಆ ಮರೆವಿನಿಂದಲೇ ನಾಯಿ ಉಳಿದವು. ದೋಸೆ ಹಿಟ್ಟಿಗೆ ಎಷ್ಟು ಬಿಸಿಲು ತಾಗುತ್ತೆ ನೋಡಲು ಅಡುಗೆ ಕಟ್ಟೆಯ ಮೇಲೆ ಒಂದು ಥರ್ಮಾಮೀಟರ್ ಅಂಟಿಸಿದ್ದೆ. ಹೊರಟಾಗ 29 ಇದ್ದದ್ದು 38 ತೋರಿಸುತ್ತಿತ್ತು. ನೆರಳು ಯಾವಾಗಲೋ ಪಕ್ಕಕ್ಕೆ ಸರಿದಿತ್ತು. ಗುಂಡ್ಯಾನ ನಾಲಿಗೆ ಒಂದು ಕಡೆಗೆ ಜೋತು ಬಿದ್ದು, ತುದಿ ಅಗಲವಾಗಿ, ಕಡುಗೆಂಪಾಗಿತ್ತು. ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ಚಿನ್ನಿ ಮಂಚದ ಕೆಳಗಿನ ತಗಡಿಗೆ ಹೊಟ್ಟೆ ಒತ್ತಿಕೊಂಡು ಮಲಗಿದ್ದಳು.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ತೇಕಿ ತೇಕಿ ಮೈ ತಣಿಸಿಕೊಳ್ಳಬೇಕು. ಅದರ ಮೈಬಿಸಿಯೇ 38, 39. ಸುತ್ತಲ ಗಾಳಿಯೂ ಅಷ್ಟೇ ಬಿಸಿಯಾದರೆ ಎಷ್ಟು ತೇಕಿದರೂ ಹೆಚ್ಚು ಉಪಯೋಗವಿಲ್ಲ. ಎರಡನ್ನೂ ಎತ್ತಿ ನೆರಳಿಗೆ ತಂದು, ಹೊಟ್ಟೆ, ತೊಡೆಸಂದು, ಪಾದಕ್ಕೆ ನೀರು ಸುರಿದು, ಕಟ್ಟಿಂಗ್ ಬೋರ್ಡಿನಿಂದ ಗಾಳಿ ಹಾಕಿದೆ. ಪುಣೆಗೆ ಬರುವವರೆಗೂ ನಾವಿಬ್ಬರೂ ಮಾತಾಡಲಿಲ್ಲ. ಆಮೇಲೆ ಚಾವಣಿಗೆ ಫ್ಯಾನ್ ಹಾಕಿಸಿದ್ದೇವೆ. ಆದರೆ ಫ್ಯಾನ್ ನಂಬಿ ನಾಯಿ ಬಿಟ್ಟು ಹೋಗುವುದಿಲ್ಲ. ಬ್ಯಾಟರಿ ಕೈಕೊಡಲು ಒಂದು ಫ್ಯೂಸ್ ಸಾಕು.

ಅಲ್ಲಿಂದ ಶುರುವಾಯಿತು ನಮ್ಮ ಪಾಳಿ. ಒಬ್ಬರು ಕಾಡಿಗೆ, ಒಬ್ಬರು ನಾಯಿಗೆ. ಜೋಡಿಯಾಗಿ ಕಾಡು ನೋಡುವ ಆಸೆ ಇದ್ದರೆ ನಾಯಿ ಧಾರವಾಡದ ಅತ್ತೆಯ ಮನೆಯಲ್ಲಿ ಇರಬೇಕು. ಮೂರನೆಯ ದಾರಿ ಇಲ್ಲ.

ಬೆಲ್ಟ್ ಹಾಕಿ ಹಿಡಿದುಕೊಂಡು ಕಾಡಿಗೆ ಕರೆದೊಯ್ದರೆ ಏನು ಹೋಗುತ್ತೆ ಅಂತ ನಾನೂ ಮೊದಲು ಗೊಣಗಿದವಳೇ. ನಮ್ಮ ನಾಯಿ ಡಾಕ್ಟ್ರು ಕೂರಿಸಿಕೊಂಡು ಹೇಳಿದ ಮೇಲೆ ಬಾಯಿ ಮುಚ್ಚಿದೆ. ನಾಯಿಯ ಡಿಸ್ಟೆಂಪರ್ ವೈರಸ್ ನಾಯಿಯಲ್ಲೇ ನಿಲ್ಲುವುದಿಲ್ಲ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸಿಂಹಗಳ ಮೂರರಲ್ಲೊಂದು ಪಾಲು ಇದರಿಂದ ಸತ್ತಿತ್ತು. 2018ರಲ್ಲಿ ನಮ್ಮ ಗಿರ್‌ನಲ್ಲೂ ಸಿಂಹಗಳು ಸತ್ತಾಗ ಇದೇ ವೈರಸ್ ಸಿಕ್ಕಿತ್ತು. ನಮ್ಮವಕ್ಕೆ ವರ್ಷವರ್ಷವೂ ನೈನ್ ಇನ್ ಒನ್, ರೇಬೀಸ್ ಲಸಿಕೆ ಎರಡೂ ಆಗಿವೆ, ಪುಸ್ತಕ ಡ್ಯಾಶ್‌ಬೋರ್ಡಿನಲ್ಲೇ ಇರುತ್ತೆ. ಗೇಟಿನಲ್ಲಿ ಅದನ್ನು ತೋರಿಸಿ ವಾದ ಮಾಡುವವರನ್ನು ನೋಡಿದ್ದೇನೆ. ಅದು ಹೋಟೆಲಿಗೆ ತೋರಿಸುವ ಪುಸ್ತಕ, ಕಾಡಿಗಲ್ಲ. ನಾಯಿ ಉಚ್ಚೆ ಹೊಯ್ದ ಜಾಗದ ವಾಸನೆ ಕಡವೆಗೆ, ಜಿಂಕೆಗೆ ಹೇಳುವುದೇ ಬೇರೆ. ಇನ್ನು ಗುಂಡ್ಯಾ ಮೊಲ ಕಂಡರೆ ನನ್ನ ಭುಜ ಕಿತ್ತುಕೊಂಡು ಓಡುವ ಪೈಕಿ.

ಗೋವಾಕ್ಕೆ ನಾವು ಬೆಳಗಾವಿ, ಖಾನಾಪುರ, ಲೋಂಡಾ, ಅನಮೋಡ ಘಾಟಿಯ ದಾರಿ ಹಿಡಿಯುತ್ತೇವೆ. ಹೆದ್ದಾರಿ ಭಗವಾನ್ ಮಹಾವೀರ ಅಭಯಾರಣ್ಯದ ನಡುವೆಯೇ ಹೋಗುತ್ತೆ. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ 1972ರ ವನ್ಯಜೀವಿ ಕಾಯ್ದೆಯಲ್ಲೇ ಅವಕಾಶವಿದೆ. ಹಾದುಹೋಗುವುದು ಅಂದರೆ ಹಾದುಹೋಗುವುದು. ನಾಯಿಗೆ ಕಾಲು ಬಿಡಿಸಲು ಅಲ್ಲಿ ಇಳಿಯುವುದಿಲ್ಲ. ಆ ಕೆಲಸ ಲೋಂಡಾದಲ್ಲೇ ಮುಗಿಸುತ್ತೇವೆ.

ದೂಧ್‌ಸಾಗರಕ್ಕೆ ಕುಳೆಂನಿಂದ ಜೀಪು. ಮಳೆಗಾಲ ಬಿಟ್ಟು ಉಳಿದ ತಿಂಗಳು ಓಡುತ್ತವೆ, ಒಂದಕ್ಕೆ ಏಳು ಜನ. ಒಬ್ಬರೇ ಹೋದರೆ ಲಾಭವೇ, ಎಲ್ಲೋ ಒಂದು ಸೀಟು ಖಾಲಿ ಇರುತ್ತೆ. ಬೆಳಿಗ್ಗೆ ಮೊದಲ ಜೀಪಿಗೆ ನಾನು, "ನೀವ್ ಆಮ್ಯಾಲೆ ಹೋಗಿ ಬರ್ರಿ, ಈಗ ಇವುಗಳ ಜೋಡಿ ಇರ್ರಿ" ಅಂತ ನಮ್ಮವರನ್ನು ಬಿಟ್ಟು ಹೋದೆ. ಹಳ್ಳ ದಾಟುವಾಗ ಜೀಪಿನೊಳಗೇ ನೀರು ಬಂತು. ವಾಪಸ್ ಬಂದಾಗ ಎರಡೂ ನಾಯಿ ನನ್ನ ಒದ್ದೆ ಸಲ್ವಾರನ್ನು ಹತ್ತು ನಿಮಿಷ ಮೂಸಿದವು. ಮಧ್ಯಾಹ್ನದ ಪಾಳಿ ಕಷ್ಟದ್ದು. ನೆರಳು ಸರಿದಂತೆಲ್ಲ ವ್ಯಾನ್ ಸರಿಸಬೇಕು. ಕಾಯುವವರ ಹತ್ತಿರವೇ ಕೀಲಿ ಇರಬೇಕು. ಇದು ಹೇಳುವ ಮಾತೇ ಅನ್ನಬೇಡಿ, ಒಮ್ಮೆ ನಮ್ಮವರು ಜೇಬಿನಲ್ಲಿಟ್ಟುಕೊಂಡು ಜೀಪು ಹತ್ತಿದ್ದರು.

ಸಮುದ್ರದ ಕಡೆ ಎಲ್ಲ ಸಲೀಸು ಅಂದುಕೊಂಡಿದ್ದೆ. ಮೊರ್ಜಿಂ, ಆಗೊಂದ, ಗಾಲ್ಜಿಬಾಗ್ ಕಡಲಾಮೆ ಮೊಟ್ಟೆ ಇಡುವ ದಂಡೆಗಳು. ಚಳಿಗಾಲದಲ್ಲಿ ಬಲೆ ಸುತ್ತಿದ ಗೂಡುಗಳಿರುತ್ತವೆ. ಮರಳು ಕೆದಕಿ ಮೊಟ್ಟೆ ತಿನ್ನುವುದರಲ್ಲಿ ನಾಯಿಯದೇ ಎತ್ತಿದ ಕೈ, ಚಿನ್ನಿಗಂತೂ ಕೆದಕುವುದೇ ಕಸುಬು. ಹಾಗಾಗಿ ಆ ಮೂರು ದಂಡೆ ನಮ್ಮ ಪಟ್ಟಿಯಿಂದ ಹೊರಗೆ. ವ್ಯಾನನ್ನು ಮರಳಿಗೆ ಇಳಿಸುವಂತಿಲ್ಲ. 2019ರಿಂದ ಗೋವಾದ ಪ್ರವಾಸಿ ತಾಣಗಳಲ್ಲಿ ಬಯಲಲ್ಲಿ ಅಡುಗೆ ಮಾಡಿದರೂ ದಂಡ. ಅದಕ್ಕೇ ಊರೊಳಗೆ ಯಾರದಾದರೂ ತೆಂಗಿನ ತೋಟ ಕೇಳಿಕೊಳ್ಳುತ್ತೇವೆ. ಕಾಣಕೋಣದ ಒಬ್ಬ ಅಜ್ಜಿ ರಾತ್ರಿಗೆ 500 ತೆಗೆದುಕೊಂಡು ಬಾವಿ ನೀರನ್ನೂ ಕೊಟ್ಟಳು. ವ್ಯಾನ್ ತೆಂಗಿನ ಮರದ ನೇರ ಕೆಳಗೆ ನಿಲ್ಲಿಸಬೇಡಿ ಅಂತಲೂ ಹೇಳಿದಳು.

ಚೋರ್ಲಾ ಘಾಟಿಯಿಂದ ಬರುವವರು ಉಣುಗಿನ ಬಗ್ಗೆ ಎಚ್ಚರ ಇಟ್ಟುಕೊಳ್ಳಿ. 1957ರಲ್ಲಿ ನಮ್ಮ ಶಿವಮೊಗ್ಗದ ಕ್ಯಾಸನೂರಿನಲ್ಲಿ ಗೊತ್ತಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಈಚೆಗೆ ಗೋವಾದ ಸತ್ತರಿಯಲ್ಲೂ ಕಂಡಿದೆ. ನಾಯಿಯ ಮೈಗೆ ಹತ್ತಿದ ಉಣುಗು ರಾತ್ರಿ ನಮ್ಮದೇ ಹಾಸಿಗೆಗೆ ಬರುತ್ತೆ. ಹೊರಡುವ ಮೊದಲು ಎರಡಕ್ಕೂ ಉಣುಗಿನ ಮಾತ್ರೆ. ಸಂಜೆ ಟಾರ್ಚ್ ಹಿಡಿದು ಕಿವಿಯೊಳಗೆ, ಕಾಲ್ಬೆರಳ ಸಂದಿನಲ್ಲಿ ಹುಡುಕುವುದು ನನ್ನ ಕೆಲಸ, ಹಿಡಿದುಕೊಳ್ಳುವುದು ನಮ್ಮವರದು.

ರಾತ್ರಿ ಎರಡೂ ನಾಯಿ ವ್ಯಾನಿನೊಳಗೆ, ಬಾಗಿಲು ಹಾಕಿ. ಚಿರತೆಗೆ ನಾಯಿ ಅಂದರೆ ಬಲು ಇಷ್ಟದ ಊಟ. ಜುನ್ನರ್ ಕಡೆ ಓಡಾಡಿದವರಿಗೆ ಇದನ್ನು ಹೇಳಬೇಕಿಲ್ಲ.

ಮುಂದಿನ ಡಿಸೆಂಬರಿಗೆ ಕೊಲ್ಹಾಪುರದ ರಾಧಾನಗರಿ, ಕಾಡುಕೋಣ ನೋಡಲು. ಅಭಯಾರಣ್ಯದ ಹೊರಗೆ ಒಬ್ಬರ ಹೊಲದಲ್ಲಿ ವ್ಯಾನ್ ನಿಲ್ಲಿಸಲು ಫೋನಿನಲ್ಲಿ ಮಾತಾಡಿದೆ. ನೀರಿದೆ, ಕರೆಂಟಿದೆ, ನಾಯಿ ಇದ್ದರೂ ಅಡ್ಡಿಯಿಲ್ಲ ಅಂದರು. ಚಿರತೆ ಬರುತ್ತಾ ಅಂತ ಕೇಳಿದೆ. "ಬರುತ್ತೆ, ಆದರೆ ಮನುಷ್ಯರಿಗೆ ಏನೂ ಮಾಡಲ್ಲ" ಅಂದರು. ಈಗ ಬೇರೆ ಹೊಲ ಹುಡುಕುತ್ತಿದ್ದೇನೆ.